ಹೊಸ ರೈಫಲ್ಲು ಮತ್ತು ರಾಯ್ಸ್ ಟಾಲ್ಮಿಯ ಕೈ

ಒಟಾಗೊದ ಒಣ ಬೆಟ್ಟಗಳಲ್ಲಿ ರಾಯ್ಸ್ ಟಾಲ್ಮಿಯ ಹೆಸರು ಕೇಳಿದರೆ ಮೊಲಗಳು ಬಿಲ ಬದಲಿಸುತ್ತವೆ ಎಂದು ಜನ ಹೇಳುತ್ತಿದ್ದರು. ತಮಾಷೆಯ ಮಾತೇ, ಆದರೆ ಪೂರ್ತಿ ಸುಳ್ಳಲ್ಲ. ಹದಿನಾರನೇ ವಯಸ್ಸಿನಿಂದ ಅವನ ಕಸುಬು ಮೊಲ ಹೊಡೆಯುವುದೊಂದೇ. ನ್ಯೂಜಿಲೆಂಡಿನ ಆ ಭಾಗದಲ್ಲಿ ಮೊಲ ಮುದ್ದಿನ ಪ್ರಾಣಿಯಲ್ಲ, ಪಿಡುಗು. ಹತ್ತು ಮೊಲ ಸೇರಿದರೆ ಒಂದು ಕುರಿಯ ಮೇವು ಮುಗಿಯಿತು; ಬಿಟ್ಟರೆ ಬೆಟ್ಟ ಬೋಳಾಗಿ ಮಣ್ಣು ಗಾಳಿಗೆ ಹಾರಿಹೋಗುತ್ತದೆ. ಹಾಗಾಗಿ ಕುರಿಗಾವಲಿನ ಒಡೆಯರೆಲ್ಲ ರಾಯ್ಸ್‌ನನ್ನು ಮಳೆಯಂತೆ ಕಾಯುತ್ತಿದ್ದರು.

ಆ ಚಳಿಗಾಲದಲ್ಲಿ ಅವನ ಗುರಿ ತಪ್ಪತೊಡಗಿತು.

ಮೊದಮೊದಲು ಒಂದೆರಡು. ಬಳಿಕ ನಾಲ್ಕು ಹೊಡೆದರೆ ಒಂದು ಬಿದ್ದರೆ ಪುಣ್ಯ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸಾಯದೆ ಗಾಯಗೊಂಡು ಬಿಲಕ್ಕೆ ತೆವಳಿಹೋಗುವ ಮೊಲಗಳು. ಅಂಥದ್ದೊಂದು ಒಳಗೆ ನರಳುವುದನ್ನು ಕೇಳುತ್ತ ಅವನು ಬಿಲದ ಬಾಯಲ್ಲಿ ಮೊಣಕಾಲೂರಿ ಕೂತುಬಿಟ್ಟಿದ್ದ. ನಾಯಿ ಟಿಂಕ ಅವನ ಮುಖ ನೋಡಿತು, ಬಿಲ ನೋಡಿತು, ಮತ್ತೆ ಅವನ ಮುಖ ನೋಡಿತು.

"ಬಂದೂಕಿನ ನಳಿಗೆ ಸವೆದಿದೆ," ಎಂದ ಮನೆಯಲ್ಲಿ. "ಎಷ್ಟಂತ ಹೊಡೆಯುತ್ತೆ ಅದೂ ಪಾಪ. ಹೊಸದು ತರ್ತೀನಿ."

ಹೆಂಡತಿ ನೋಲೀನ್ ಶಾಲೆಯ ಬಸ್ಸು ಓಡಿಸುವವಳು, ಮಾತು ಕಡಿಮೆ. "ತಾ," ಎಂದಳು ಅಷ್ಟೆ.

ತಂದದ್ದು ಹದಿನೇಳರ ಅಳತೆಯ ನಳಿಗೆಯ ರೈಫಲ್. ಹಳೆಯ ಇಪ್ಪತ್ತೆರಡಕ್ಕಿಂತ ಸಣ್ಣ ಗುಂಡು, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಆದರೆ ದುಪ್ಪಟ್ಟು ವೇಗ. ಭುಜಕ್ಕೆ ಒದೆತವೇ ಇಲ್ಲ. ಅಂಗಡಿಯವನು, "ಇದನ್ನ ಹಿಡಿದ್ರೆ ನಮ್ಮಜ್ಜೀನೂ ಗುರಿಗಾರ್ತಿ ಆಗ್ತಾಳೆ," ಎಂದಿದ್ದ. ರಾಯ್ಸ್ ನಕ್ಕಿದ್ದ. ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ, ಪೆಟ್ಟಿಗೆ ಬಿಚ್ಚಿ, ಅದನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದ. ದೇವರನ್ನು ನಂಬದವನು ಏನನ್ನೋ ಬೇಡಿಕೊಂಡಂತೆ.

ಬೇಡಿಕೊಳ್ಳಲು ಕಾರಣವಿತ್ತು. ಡ್ರೈಬರ್ನ್ ಕುರಿಗಾವಲಿನ ಮೇಲ್ವಿಚಾರಕ ಗ್ಯಾವಿನ್ ಪ್ರೆಂಟಿಸ್ ಕುರಿಗಳ ಮೇವಿಗೆಂದು ಹೊಸದಾಗಿ ಬಿತ್ತಿದ್ದ ಕುದುರೆಮೆಂತೆ ಹೊಲವನ್ನು ಮೊಲಗಳು ಬುಡಸಮೇತ ಮೇಯುತ್ತಿದ್ದವು.

"ನೋಡು ರಾಯ್ಸ್, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ," ಎಂದಿದ್ದ ಗ್ಯಾವಿನ್, ಬೇಲಿಗೆ ಒರಗಿ. "ಆದ್ರೆ ಕುರಿ ಮರಿ ಹಾಕೋ ಹೊತ್ತಿಗೆ ಹೊಲ ಉಳೀಬೇಕು. ಇಲ್ಲಾಂದ್ರೆ ಹೆಲಿಕಾಪ್ಟರ್ ಕರೆಸ್ತೀನಿ. ವಿಷದ ಕ್ಯಾರೆಟ್ ಸುರಿಸ್ತೀನಿ."

"ಕ್ಯಾರೆಟ್ಟಾ? ನಾನಿನ್ನೂ ಸತ್ತಿಲ್ಲ ಕಣಯ್ಯಾ!"

"ಸತ್ತಿದ್ದೀಯ ಅಂತ ಯಾರಂದ್ರು ಮಾರಾಯ? ಮೊಲ ಸಾಯ್ತಿಲ್ಲ ಅಂದೆ."

ಮರುದಿನ ಬೆಳಿಗ್ಗೆ ಹೊಳೆಯ ಬಯಲಿನಲ್ಲಿ ರಾಯ್ಸ್ ಹೊಸ ರೈಫಲ್ಲಿನ ಪರೀಕ್ಷೆಗೆ ಇಳಿದ. ಮಣ್ಣಿನ ದಿಬ್ಬಕ್ಕೆ ಗುರಿಯ ಕಾಗದವನ್ನು ಮೊಳೆಯಿಂದ ಚುಚ್ಚಿ, ಚಪ್ಪಟೆ ಬಂಡೆಯ ಮೇಲೆ ಗೋಣಿ ಹಾಸಿ ಮಲಗಿದ. ಹುಲ್ಲಿನ ಮೇಲೆ ಹಿಮ ಇನ್ನೂ ಬೆಳ್ಳಗಿತ್ತು, ಗಾಳಿ ಇರಲಿಲ್ಲ. ಐದು ಗುಂಡು ಹಾರಿಸಿ ಹೋಗಿ ನೋಡಿದ. ಒಂದು ಕಾಗದದ ಮೂಲೆಯಲ್ಲಿ, ಎರಡು ಅಂಚಿನಲ್ಲಿ, ಉಳಿದೆರಡು ಎಲ್ಲೂ ಇಲ್ಲ.

ರೈಫಲ್ಲಿನ ಮೇಲಿನ ದುರ್ಬೀನಿನ ತಿರುಪು ಸಡಿಲವಿರಬೇಕು. ಬಿಗಿದ. ಮತ್ತೆ ಐದು. ಬೇರೆ ಕಂಪನಿಯ ಗುಂಡು ತುಂಬಿದ. ಮತ್ತೆ ಐದು. ಗೋಣಿ ತೆಗೆದು ಮರಳಚೀಲ ಇಟ್ಟ. ಉಸಿರು ಬಿಗಿಹಿಡಿದ, ಉಸಿರು ಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ಅವನ ಭಾಷೆಯಲ್ಲಿ ಇದ್ದಿದ್ದರೆ ಆಗಲೇ ನೆನಪಾಗುತ್ತಿತ್ತು. ಅವನಿಗೆ ಎದ್ದು ಕಾಣುತ್ತಿದ್ದದ್ದು ದುರ್ಬೀನಿನೊಳಗಿನ ಕಪ್ಪು ಗೆರೆಗಳು ಮಾತ್ರ. ಅವು ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ. ಎಷ್ಟು ಗಟ್ಟಿಯಾಗಿ ಹಿಡಿದರೆ ಅಷ್ಟು ಹೆಚ್ಚು ನಡುಗುತ್ತಿದ್ದವು, ಬಲೆಗೆ ಬಿದ್ದ ಹಕ್ಕಿಯ ಹಾಗೆ.

ಮಧ್ಯಾಹ್ನ ನೋಲೀನ್ ಚೀಸ್ ಹಚ್ಚಿ ಸುರುಳಿ ಸುತ್ತಿದ ಬಿಸಿ ಬ್ರೆಡ್ಡೂ ಚಹಾವೂ ತಂದಳು. ಅಷ್ಟು ಹೊತ್ತಿಗೆ ಗುಂಡಿನ ಖಾಲಿ ಡಬ್ಬಿಗಳು ಬಂಡೆಯ ಸುತ್ತ ಚೆಲ್ಲಿದ್ದವು.

"ಕೆಟ್ಟ ಮಾಲು," ಎಂದ ರಾಯ್ಸ್. "ನಳಿಗೇನೇ ಸೊಟ್ಟ. ವಾಪಸ್ ಕೊಟ್ಟು ಬರ್ತೀನಿ. ಹಣೆ ಮೇಲೆ ಎಸೀತೀನಿ ಅವನಿಗೆ."

ನೋಲೀನ್ ತಿಂಡಿಯ ಪೊಟ್ಟಣ ಕೆಳಗಿಟ್ಟಳು. "ಕೊಡಿಲ್ಲಿ."

"ನೀನಾ? ಬಂದೂಕು ಮುಟ್ಟಿ ಯಾವ ಕಾಲ ಆಯ್ತು ನೀನು!"

"ಅಜ್ಜೀನೂ ಹೊಡೀಬಹುದು ಅಂದ್ನಂತಲ್ಲ. ಕೊಡು."

ಅವಳು ಮಲಗಿ, ಕನ್ನಡಕವನ್ನು ತಲೆಯ ಮೇಲಕ್ಕೇರಿಸಿ, ಅವಸರವಿಲ್ಲದೆ ಐದು ಸಲ ಬಂದೂಕಿನ ಕುದುರೆ ಒತ್ತಿದಳು. ಇಬ್ಬರೂ ನಡೆದು ಹೋಗಿ ನೋಡಿದರು. ಐದೂ ತೂತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಡಾಲರ್ ನಾಣ್ಯ ಇಟ್ಟಿದ್ದರೆ ಮುಚ್ಚಿಹೋಗುತ್ತಿತ್ತು.

ನೋಲೀನ್‌ಗೆ ತಾನು ಮಾಡಿದ್ದು ಏನೆಂದು ಆಗ ಹೊಳೆಯಿತು. ಅವಳ ಮುಖ ಸಪ್ಪೆಯಾಯಿತು. "ಗಾಳಿ ನಿಂತಿತ್ತು," ಎಂದಳು ತಾನಾಗಿಯೇ.

"ಬೆಳಿಗ್ಗೆಯಿಂದ ಗಾಳೀನೇ ಇಲ್ಲ," ಎಂದ ರಾಯ್ಸ್.

"ಕೈ ತೋರಿಸು."

"ಚಳಿ."

"ರಾಯ್ಸ್, ಕೈ ತೋರಿಸು ಅಂದೆ."

ಅವನು ಎರಡೂ ಕೈಗಳನ್ನು ಜೇಬಿಗಿಳಿಸಿ ಗಾಡಿಯ ಕಡೆ ಹೊರಟ. ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಆಡಿದರೆ ಅಪ್ಪನ ಹೆಸರು ಬಾಯಿಗೆ ಬರುತ್ತಿತ್ತು. ಅಪ್ಪ ಆರ್ಚಿಯೂ ಮೊಲ ಹೊಡೆಯುವವನೇ, ಕೊನೆಗೆ ಕುಡುಕನಾಗಿ ಕೈ ನಡುಗಿ, ಊಟದ ಚಮಚವನ್ನು ಬಾಯಿಗೆ ಮುಟ್ಟಿಸಲಾಗದೆ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದವನು. ರಾಯ್ಸ್ ಅವನ ಜೊತೆ ಮಾತು ಬಿಟ್ಟಿದ್ದ. ಮಣ್ಣಿಗೂ ಹೋಗಿರಲಿಲ್ಲ. ಆ ಮನುಷ್ಯನಂತೆ ಆಗಬಾರದೆಂದೇ ಮದ್ಯ ಮುಟ್ಟದೆ ಬದುಕಿದ್ದ.

ಆದರೆ ಈ ಚಳಿಗಾಲಕ್ಕೆ ಮುಂಚೆ, ಶರತ್ಕಾಲದಲ್ಲಿ, ನೆರೆಯ ಮುದುಕನೊಬ್ಬನ ಸಾವಿನೂಟದಲ್ಲಿ, ಬಲವಂತಕ್ಕೆ ಮಣಿದು ಎರಡು ಗುಟುಕು ವಿಸ್ಕಿ ಕುಡಿದಿದ್ದ. ಆ ಮೇಲೆ, ಆಗಷ್ಟೇ ತುಸು ನಡುಗತೊಡಗಿದ್ದ ಕೈ ಕಲ್ಲಿನಂತೆ ನಿಂತಿತ್ತು. ಅದನ್ನು ಅವನು ಗಮನಿಸಿದ್ದ. ಮರೆತೆ ಅಂದುಕೊಂಡಿದ್ದ, ಅಷ್ಟೆ.

ಮರುದಿನ ಪೇಟೆಯಲ್ಲಿ ಒಂದು ಬಾಟಲಿ ಕೊಂಡ. ಗಾಡಿಯ ಬಾಗಿಲು ಹಾಕಿಕೊಂಡು, ಔಷಧಿ ಕುಡಿಯುವವನಂತೆ ಮೂಗು ಮುಚ್ಚಿ ಕುಡಿದ. ಕಾದ. ಕೈ ಚಾಚಿ ನೋಡಿದ. ಎಲೆ ಅಲುಗದ ಮರದಂತಿತ್ತು.

ಆ ಸಂಜೆ ಕುದುರೆಮೆಂತೆ ಹೊಲದ ಅಂಚಿನಲ್ಲಿ ಹೊಸ ರೈಫಲ್ ಏನೆಂದು ಅವನಿಗೆ ತಿಳಿಯಿತು. ಚಟ್ ಎಂಬ ಸಣ್ಣ ಸದ್ದು, ಅಲ್ಲೊಂದು ಮೊಲ ಕೂತಲ್ಲೇ ಮಗ್ಗುಲಾಗುತ್ತಿತ್ತು, ಪಕ್ಕದ್ದಕ್ಕೆ ತಿಳಿಯುವ ಮುಂಚೆ ಅದೂ. ಒಂದೂ ನರಳಲಿಲ್ಲ. ಟಿಂಕ ಹುಚ್ಚೆದ್ದು ಓಡಾಡಿತು. ರಾಯ್ಸ್ ಬಂಡೆಗೊರಗಿ ಗಟ್ಟಿಯಾಗಿ ನಕ್ಕ, ಆ ನಗುವೇ ಅಳುವಾಯಿತು. ಒರೆಸಿಕೊಂಡು ಮತ್ತೆ ತುಂಬಿದ.

ಗ್ಯಾವಿನ್ ಹೊಲ ನೋಡಿ ಬೆನ್ನು ತಟ್ಟಿದ. "ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ ಇಷ್ಟು ದಿನ ಇದನ್ನ?"

"ರೈಫಲ್ ಕಣೋ, ರೈಫಲ್," ಎಂದ ರಾಯ್ಸ್, ಬಾಯಿಯನ್ನು ಅತ್ತ ತಿರುಗಿಸಿ.

ಎರಡು ಗುಟುಕು ಮೂರಾಯಿತು, ಮೂರು ಅರ್ಧ ಬಾಟಲಿಯಾಯಿತು. ಅಮಲು ಇಳಿದ ಮೇಲೆ ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಬಚ್ಚಲಲ್ಲಿ ಚಿಲಕ ಹಾಕಿಕೊಳ್ಳತೊಡಗಿದ. ನೋಲೀನ್‌ಗೆ ವಾಸನೆ ಬರಬಾರದೆಂದು ಬೇರೆ ಕೋಣೆಯಲ್ಲಿ ಮಲಗಿದ, ಗೊರಕೆಯ ನೆಪ ಹೇಳಿ. ಇದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮರಿ ಹಾಕುವ ಕಾಲದ ತನಕ, ಹೊಲ ಉಳಿಯುವ ತನಕ, ಅಷ್ಟು ಸಾಕು ಎಂದು ದಿನವೂ ಹೇಳಿಕೊಳ್ಳುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಹೊಲದ ಮೇಲಿನ ದಿಣ್ಣೆಯ ನೆತ್ತಿಯಲ್ಲಿ ಒಂದು ಮೊಲ ಕಿವಿ ನೆಟ್ಟಗೆ ಮಾಡಿ ಕೂತಿತ್ತು, ಹಿಂದೆ ಬರೀ ಆಕಾಶ. ಬಂದೂಕು ಹಿಡಿದ ಮಕ್ಕಳಿಗೆ ಅಲ್ಲಿ ಕಲಿಸುವ ಮೊದಲ ಪಾಠವೇ ಅದು: ಹಿಂದೆ ಮಣ್ಣು ಕಾಣದಿದ್ದರೆ ಹೊಡೆಯಬೇಡ. ಅಪ್ಪ ಆರ್ಚಿ ಕಿವಿ ಹಿಂಡಿ ಕಲಿಸಿದ್ದ. ರಾಯ್ಸ್ ಜೀವಮಾನದಲ್ಲಿ ಒಮ್ಮೆಯೂ ಮೀರಿರಲಿಲ್ಲ. ಆವತ್ತು ಬೆಚ್ಚಗಿನ ಅಮಲಿನಲ್ಲಿ, ಕಪ್ಪು ಗೆರೆಗಳು ಅಷ್ಟು ಅಂದವಾಗಿ ನಿಂತಿದ್ದವು. ಕುದುರೆ ಒತ್ತಿದ.

ಮೊಲ ಹಾರಿ ಮರೆಯಾಯಿತು. ಅದು ಕೂತಿದ್ದ ಜಾಗದ ಪಕ್ಕದಲ್ಲಿ ನೋಲೀನ್‌ಳ ತಲೆ ಮೇಲೆದ್ದಿತು.

ಅವಳು ಆ ಕಡೆಯ ದಾರಿಯಿಂದ ಅವನನ್ನೇ ಹುಡುಕಿಕೊಂಡು ಬಂದಿದ್ದಳು. ಒಂದು ಕೈ ಕಿವಿಗೆ ಒತ್ತಿಕೊಂಡು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಇಳಿಜಾರಿನಲ್ಲಿ, ಮುಳ್ಳುಗಂಟಿಗಳ ನಡುವೆ, ಮೆಲ್ಲಗೆ ನಡೆದು ಬಂದಳು. ಅಷ್ಟೂ ಹೊತ್ತು ರಾಯ್ಸ್‌ಗೆ ಏಳಲಾಗಲಿಲ್ಲ. ಅವಳು ಕಿವಿಯಿಂದ ಕೈ ತೆಗೆದಾಗ ರಕ್ತ ಕಾಣುತ್ತದೆಂದು ಕಾದ. ರಕ್ತ ಇರಲಿಲ್ಲ.

"ಜೇನುಹುಳ ಹಾರಿದ ಹಾಗೆ ಸದ್ದು ಬಂತು," ಎಂದಳು. "ಕಿವಿ ಪಕ್ಕ."

ಅವನು ರೈಫಲ್ಲನ್ನು ನೆಲಕ್ಕಿಳಿಸಿದ.

ಅವಳು ಬಗ್ಗಿದಳು, ವಾಸನೆ ತಗುಲಿತು. ಕಣ್ಣು ಮುಚ್ಚಿಕೊಂಡಳು. "ನಿಮ್ಮಪ್ಪನ ವಾಸನೆ," ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ನೋಲೀನ್, ಇದನ್ನ ಕುಡಿದ್ರೆ ಕೈ ನಿಲ್ಲುತ್ತೆ." ಮಾತು ತುಂಡುತುಂಡಾಗಿ ಬಂತು. "ಕುಡಿದು ನಡುಗೋದಲ್ಲ. ನಡುಗುತ್ತೆ ಅಂತ ಕುಡಿಯೋದು. ಅಪ್ಪನೂ..." ರೈಫಲ್ಲಿನ ಬೋಲ್ಟನ್ನು, ಅದಿಲ್ಲದೆ ಗುಂಡು ಹಾರದ ಆ ಕಬ್ಬಿಣದ ತುಂಡನ್ನು, ಹಿರಿದು ಅವಳ ಅಂಗೈಯಲ್ಲಿಟ್ಟ. ಆಗಲೂ ಅವನ ಕೈ ಸ್ಥಿರವಾಗಿತ್ತು.

ನೋಲೀನ್ ಅವನನ್ನು ಕರೆದೊಯ್ದ ಡಾಕ್ಟರು ಸೌಮ್ಯ ಹೆಣ್ಣುಮಗಳು. ಕಾಗದದ ಮೇಲೆ ಸುರುಳಿ ಬರೆಯಲು ಹೇಳಿದಳು. ಅವನು ಬರೆದದ್ದು ಗರಗಸದ ಹಲ್ಲಿನಂತಿತ್ತು. ಇದು ವಂಶದಲ್ಲಿ ಹರಿದು ಬರುವ ನಡುಕ, ಪ್ರಾಣಕ್ಕೆ ಅಪಾಯವಿಲ್ಲ, ಮಾತ್ರೆಯಿಂದ ತುಸು ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದಳು. "ಮದ್ಯ ಸ್ವಲ್ಪ ಹೊತ್ತು ತಡೆಯುತ್ತೆ. ತುಂಬಾ ಜನ ಅದರಲ್ಲೇ ಮುಳುಗಿ ಹೋಗ್ತಾರೆ, ನಡುಕಕ್ಕೆ ಹೆಸರಿದೆ ಅನ್ನೋದೇ ಗೊತ್ತಿಲ್ಲದೆ." ಬಂದೂಕಿನ ಮಾತು ಅವನೂ ಕೇಳಲಿಲ್ಲ, ಅವಳೂ ಎತ್ತಲಿಲ್ಲ.

ಮಾತ್ರೆ ಅಷ್ಟಿಷ್ಟು ಕೆಲಸ ಮಾಡಿತು, ಗುಂಡಿ ಹಾಕಿಕೊಳ್ಳುವಷ್ಟು. ಗುರಿಗೆ ಸಾಲಲಿಲ್ಲ. ಗ್ಯಾವಿನ್‌ನ ಹೆಲಿಕಾಪ್ಟರ್ ಬಂತು, ದಿನವಿಡೀ ಬೆಟ್ಟದ ಮೇಲೆ ಅಡ್ಡಾಡಿ ಕ್ಯಾರೆಟ್ ಸುರಿಯಿತು. ರಾಯ್ಸ್ ಟಿಂಕನನ್ನು ವಿಷ ತಿನ್ನದಂತೆ ಸರಪಳಿಯಲ್ಲಿ ಕಟ್ಟಿಹಾಕಿ, ಅದರ ಪಕ್ಕ ಹುಲ್ಲಿನ ಮೇಲೆ ಕೂತು ಆ ಸದ್ದು ಮುಗಿಯುವವರೆಗೂ ಕೇಳಿದ. ಹೊಸ ರೈಫಲ್ಲನ್ನು ನೋಲೀನ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಮಾರಲು ಅವನೇ ಬೇಡವೆಂದ.

ವಿಷದಿಂದ ಸತ್ತ ಮೊಲಗಳ ವಾಸನೆ ಊರಿಗೆ ಹರಡಿದ್ದ ದಿನಗಳಲ್ಲೇ ಅವನು ಅಕ್ಕ ಐಲಾಳ ಮನೆಗೆ ಹೋದ. ಅವಳಿಗೆ ಎಂಬತ್ತರ ಹತ್ತಿರ, ಅಪ್ಪನನ್ನು ಕೊನೆತನಕ ನೋಡಿಕೊಂಡವಳು. ಅಡುಗೆಮನೆಯಲ್ಲಿ ಟರ್ನಿಪ್ ಗೆಡ್ಡೆ ಹೆಚ್ಚುತ್ತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ: ಅಪ್ಪ ಕುಡುಕನಾಗಿದ್ದು ಕೈಗಾಗಿ, ಕೆಲಸಕ್ಕಾಗಿ, ನಮಗೆ ಅನ್ನ ಹಾಕುವುದಕ್ಕಾಗಿ, ಅದು ಈಗ ತಿಳಿಯಿತು ಎಂದ.

ಐಲಾ ಚಾಕು ನಿಲ್ಲಿಸಲಿಲ್ಲ. "ಗೊತ್ತು ಕಣೋ."

"ಗೊತ್ತಾ?"

"ನಂಗೂ ಗೊತ್ತಿತ್ತು, ಅಮ್ಮಂಗೂ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಕುಡಿಯದೇ ಇದ್ದಾಗ್ಲೇ ಅಲ್ವ ಅಪ್ಪ ನಡುಗ್ತಿದ್ದದ್ದು."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಿದ್ದೆ. ಎರಡು ಸಲ. ನೀನು ಬಾಗಿಲು ತೆಗೀಲಿಲ್ಲ."

ರಾಯ್ಸ್ ಕುರ್ಚಿ ಎಳೆದು ಕೂತ. ಐಲಾ ಹೆಚ್ಚಿದ್ದನ್ನು ಪಾತ್ರೆಗೆ ಹಾಕಿ, ನೀರು ಸುರಿದು, ಒಲೆ ಹಚ್ಚಿದಳು. ಊಟ ಮಾಡಿಕೊಂಡೇ ಹೋಗು ಎಂದಳು. ಅವನು ಹೂಂ ಎಂದ.