ನಾನು ಜ್ಞಾನತಾಯಿ ಆಗದ ಭಾನುವಾರ

ತಿರುವನಂತಪುರದ ಪಟ್ಟಂನ ನಮ್ಮ ಚರ್ಚಿನಲ್ಲಿ ತಾಯಂದಿರ ದಿನದ ಪೂಜೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊನೆಯ ಆಶೀರ್ವಾದಕ್ಕೆ ಮೊದಲು ಫಾದರ್ ತಾಯಂದಿರೆಲ್ಲ ಎದ್ದು ನಿಲ್ಲಿ ಎನ್ನುತ್ತಾರೆ. ಇಸ್ತ್ರಿ ಮಾಡಿದ ಸೀರೆಗಳು ಸರಭರ ಏಳುತ್ತವೆ. ಸೊಸೆಯನ್ನು ದಿನಾ ಹುರಿದು ಮುಕ್ಕುವವರೂ ಏಳುತ್ತಾರೆ, ಮಗಳ ಜೊತೆ ಮಾತು ಬಿಟ್ಟು ಹತ್ತು ವರ್ಷವಾದವರೂ ಏಳುತ್ತಾರೆ. ತಲೆಗೊಂದು ಗುಲಾಬಿ. ಮದುವೆ ಮಕ್ಕಳು ಯಾವುದೂ ಇಲ್ಲದ ನಾನು ಬೆಂಚಿನ ಮೇಲೆ ಕೂತೇ ಇರುತ್ತೇನೆ. ಪಕ್ಕದವರು ಅಯ್ಯೋ ಪಾಪ ಎಂದು ಕೈ ಸವರುತ್ತಾರೆ. ಅವರ ಕರುಣೆಗಿಷ್ಟು ಬೆಂಕಿ ಹಾಕ.

ಹೆತ್ತ ಮಾತ್ರಕ್ಕೆ ಪುಣ್ಯ ಬರುವುದಾದರೆ ಚರ್ಚಿನ ಗೇಟಿನ ಬಳಿ ಮರಿ ಹಾಕಿದ ಬೆಕ್ಕಿಗೂ ಒಂದು ಗುಲಾಬಿ ಕೊಡಬೇಕು. ನಮ್ಮ ಧರ್ಮ ಹೇಳುವುದು ಅದನ್ನಲ್ಲ. ಶಿಲುಬೆಯ ಮೇಲಿದ್ದ ಯೇಸು ತನ್ನ ತಾಯಿಯನ್ನು ಒಪ್ಪಿಸಿದ್ದು ಆಕೆ ಹೆರದ ಒಬ್ಬ ಶಿಷ್ಯನಿಗೆ. ಜ್ಞಾನಸ್ನಾನದಲ್ಲಿಯೂ ಮಗುವಿಗೆ ಹೆತ್ತವಳ ಜೊತೆ ಒಬ್ಬ ಜ್ಞಾನತಾಯಿ ಇರಬೇಕು. ಮಗುವನ್ನು ಎತ್ತಿಕೊಂಡು ನಿಂತು, ಇದರ ವಿಶ್ವಾಸಕ್ಕೆ ಬದುಕಿರುವ ತನಕ ನಾನಿದ್ದೇನೆ ಎಂದು ದೇವರಿಗೆ ಮಾತು ಕೊಡುವವಳು ಅವಳು. ಇಷ್ಟೆಲ್ಲ ತಿಳಿದ ನಾನು ಎರ್ನಾಕುಲಂನಲ್ಲಿ ಮಾಡಿದ ಘನಕಾರ್ಯವನ್ನು ಹೇಳುತ್ತೇನೆ.

ಏಳು ವರ್ಷದ ಹಿಂದಿನ ಮಾತು. ನಾನು ಮೈಸೂರಿನವಳು, ಬ್ಯಾಂಕಿನ ವರ್ಗಾವಣೆಯಲ್ಲಿ ಎರ್ನಾಕುಲಂಗೆ ಬಂದಿದ್ದೆ. ಕೆಳಗಿನ ಫ್ಲ್ಯಾಟಿನಲ್ಲಿ ಮಂಗಳೂರಿನ ಕಡೆಯ ಎಳೆ ವಯಸ್ಸಿನ ಕ್ರೈಸ್ತ ದಂಪತಿ. ಗಂಡನಿಗೆ ಅಂಬಲಮುಗಳ್‌ನ ರಿಫೈನರಿಯಲ್ಲಿ ಶಿಫ್ಟ್ ಕೆಲಸ. ಹೆಣ್ಣು ಮಗುವಾದ ಮೇಲೆ ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮಗು ಅತ್ತರೂ ತಿರುಗುತ್ತಿರಲಿಲ್ಲ. ಅವಳಿಗೆ ತಾಯಿ ಇಲ್ಲ. ಮಂಗಳೂರಿನಲ್ಲಿದ್ದ ಅತ್ತೆಗೆ ಮೊಣಕಾಲು ನೋವು. ಆದರೆ ಅದೇ ಮೊಣಕಾಲಿನ ಮೇಲೆ ಊರೂರು ತಿರುಗಿ ತಾಯ್ತನ ದೇವರ ವರ ಎಂದು ಭಾಷಣ ಮಾಡುತ್ತಿದ್ದರು ಪುಣ್ಯಾತ್ಗಿತ್ತಿ. ಎರಡು ತಿಂಗಳು ಮಗುವಿಗೆ ಬೆಳಿಗ್ಗೆ ನೀರು ಹಾಕಿ ಬ್ಯಾಂಕಿಗೆ ಹೋದವಳು ನಾನು. ಸಂಜೆ ಬಂದು ಬಟ್ಟೆ ಬದಲಿಸುವ ಮೊದಲೇ ಅದನ್ನು ಎತ್ತಿಕೊಳ್ಳುತ್ತಿದ್ದೆ. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ನಾನೇ. ನಿಧಾನಕ್ಕೆ ಅವಳು ಮಗುವಿನ ಕಡೆ ತಿರುಗಿದಳು.

ಅವರ ಕಡೆ ಚೊಚ್ಚಲ ಮಗುವಿಗೆ ತಾಯಿಯ ತಾಯಿಯೇ ಜ್ಞಾನತಾಯಿ ಆಗುವುದು ರೂಢಿಯಂತೆ. ಆ ಜಾಗ ಖಾಲಿ ಇತ್ತು. "ಅಕ್ಕ, ನೀವೇ ಆಗ್ಬೇಕು. ನನಗೆ ಬೇರೆ ಯಾರೂ ಬೇಡ," ಎಂದಳು. ಬ್ಯಾಂಕಿನಲ್ಲಿ ಎಷ್ಟೋ ಬಡ್ತಿ ಬಂದಿದ್ದವು, ಇಷ್ಟು ಹಿಗ್ಗಿರಲಿಲ್ಲ. ಮೈಸೂರಿನ ನಮ್ಮ ಚರ್ಚಿನಿಂದ ಬೇಕಾದ ಪತ್ರ ತರಿಸಿಕೊಟ್ಟೆ. ಫಾದರ್ ನನ್ನ ಹೆಸರು ಬರೆದುಕೊಂಡರು.

ಜ್ಞಾನಸ್ನಾನಕ್ಕೆ ಎರಡು ದಿನ ಇರುವಾಗ ಅತ್ತೆ ಬಂದಿಳಿದರು. ಮೊಣಕಾಲು ಆಗ ಸರಿಹೋಗಿತ್ತು. ನಾನು ಮಗುವಿನ ಒಗೆದ ಬಟ್ಟೆ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದೆ. ಒಳಗಿಂದ ಅವರ ಮಾತು ಕೇಳಿಸಿತು. "ಹೆತ್ತು ಗೊತ್ತಿಲ್ಲದವಳು ಮಗುವನ್ನು ಹಿಡ್ಕೊಂಡು ನಿಂತ್ರೆ ನಾಲ್ಕು ಜನ ಎಂತ ಹೇಳ್ಲಿಕ್ಕಿಲ್ಲ? ನನ್ನ ತಂಗಿ ಬರ್ತಾಳೆ, ಅವಳೇ ನಿಲ್ಲಲಿ."

ಬಟ್ಟೆಯನ್ನು ಹೊಸ್ತಿಲಲ್ಲಿಟ್ಟು ಮೇಲೆ ಬಂದೆ. ಹಿಂದೆಯೇ ಹುಡುಗಿ ಓಡಿ ಬಂದಳು.

"ಅವರು ಹೇಳುದನ್ನು ಹೇಳ್ಲಿ ಅಕ್ಕ. ಫಾದರ್ ಬರೆದದ್ದು ನಿಮ್ಮ ಹೆಸರು. ಭಾನುವಾರ ನೀವು ಬಂದ್ರೆ ಆಯ್ತು."

"ನಿಮ್ಮತ್ತೆ ಈ ಮೆಟ್ಟಿಲು ಹತ್ತಿ ಬಂದು ಕರೀಲಿ, ಆಮೇಲೆ ನೋಡೋಣ," ಎಂದೆ. "ನಮ್ಮಲ್ಲಿ ಮನೆಯ ಹಿರಿಯರು ಬಂದು ಕರೀದೆ ಯಾರ ಶುಭಕಾರ್ಯಕ್ಕೂ ಹೋಗೋದಿಲ್ಲ."

"ನಾನು ಕರೀಲಿಕ್ಕೆ ಬಂದದ್ದಲ್ವಾ ಅಕ್ಕ?"

"ನೀನು ಹಿರಿಯಳೇನೇ?"

ಅವಳು ಇಳಿದು ಹೋದಳು. ಮೈಸೂರಿನ ಮರ್ಯಾದೆಯನ್ನು ಮಂಗಳೂರಿನ ಹೆಂಗಸಿಗೆ ಕಲಿಸಿಬಿಟ್ಟೆ ಎಂದು ನಾನು ಬೀಗುತ್ತಿದ್ದೆ.

ಭಾನುವಾರ ಅತ್ತೆ ಮೆಟ್ಟಿಲು ಹತ್ತಲಿಲ್ಲ. ನಾನು ರೇಷ್ಮೆ ಸೀರೆ ಉಟ್ಟು, ತಲೆ ಬಾಚಿ, ಕುರ್ಚಿಯಲ್ಲಿ ಕೂತಿದ್ದೆ. ಚರ್ಚು ಎರಡು ಬೀದಿಯಾಚೆ. ಜ್ಞಾನಸ್ನಾನಕ್ಕೆ ಹನ್ನೊಂದರ ಗಂಟೆ ಹೊಡೆದದ್ದು ಮನೆಗೇ ಕೇಳಿಸಿತು. ಕೂತೇ ಇದ್ದೆ.

ಆವತ್ತು ನಡೆದದ್ದನ್ನು ಅವಳ ಗಂಡ ಆಮೇಲೆ ಹೇಳಿದರು. ಜ್ಞಾನತಾಯಿ ಎಲ್ಲಿ ಎಂದು ಫಾದರ್ ಕೇಳಿದಾಗ ಅತ್ತೆಯ ತಂಗಿ ಕೈ ಚಾಚಿದರಂತೆ. ಹುಡುಗಿ ಮಗುವನ್ನು ಕೊಡಲಿಲ್ಲ. ಅಕ್ಕ ಬರ್ತಾರೆ, ಅಕ್ಕ ಬರ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದಳಂತೆ. ಫಾದರ್ ಕಾಲು ಗಂಟೆ ಕಾದರು. ಕೊನೆಗೆ ಅವಳು, ಪೊರಕೆ ಹಿಡಿದು ಕಂಬದ ಬಳಿ ನಿಂತಿದ್ದ ಚರ್ಚು ಗುಡಿಸುವ ಮುದುಕಿಯ ಹತ್ತಿರ ಹೋಗಿ, ಮಗುವನ್ನು ಅವಳ ಕೈಗೆ ಹಾಕಿದಳು. ಮುದುಕಿ ಪೊರಕೆ ಕೆಳಗಿಟ್ಟು, ಕೈಯನ್ನು ಉಟ್ಟ ಮುಂಡು ಪಂಚೆಗೆ ಒರೆಸಿಕೊಂಡು ಎತ್ತಿಕೊಂಡಳಂತೆ. ಅವಳನ್ನು ಯಾರೂ ಕರೆಯಲು ಹೋಗಿರಲಿಲ್ಲ.

ಮರುವರ್ಷ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಹೋದ ತಿಂಗಳು ಆ ಸಂಸಾರ ಈ ಊರಿಗೆ ಬಂದಾಗ ನನ್ನ ಮನೆಗೂ ಬಂದರು. ಮುದುಕಿ ಪ್ರತಿ ಭಾನುವಾರ ಪೂಜೆಯಾದ ಮೇಲೆ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿಯೇ ಕಳಿಸುತ್ತಾಳಂತೆ. ಪ್ರಾರ್ಥನೆಗಳನ್ನೆಲ್ಲ ಬಾಯಿಪಾಠ ಮಾಡಿಸಿದವಳೂ ಅವಳೇ.

ಮಗುವಿಗೆ ಈಗ ಏಳು ವರ್ಷ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳಂ. ಎತ್ತಿಕೊಳ್ಳಲು ಕೈ ಚಾಚಿದೆ. ಅದು ಅಮ್ಮನ ಹಿಂದೆ ಸರಿದು, ಇವರು ಯಾರು ಎಂದು ಮಲಯಾಳಂನಲ್ಲಿ ಕೇಳಿತು.

ಅಮ್ಮ ನನ್ನ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಮುಂಚೆ ನಮ್ಮ ಮೇಲಿನ ಮನೆಯಲ್ಲಿ ಇದ್ರು ಮಗಾ," ಎಂದಳು.

"ಹೌದು ಪುಟ್ಟಿ, ಅಷ್ಟೇ," ಎಂದೆ.