ಪೂಜೆಗಿಟ್ಟ ಬ್ರಿಡ್ಜ್ ಬುಕ್ಕು

ನೀವು ಇದನ್ನ ನಂಬಲ್ಲ, ಬೇಕಾದ್ರೆ ಬರೆದುಕೊಡ್ತೀನಿ. ಆದ್ರೂ ಕೇಳಿ — ನನ್ ತಮ್ಮ ಚಿನ್ನುವಿನ ಬ್ರಿಡ್ಜ್ ಬುಕ್ಕು ಕದ್ದಿದ್ದು ಮೇಲಿನ ಮನೆ ಅಯಾನ್ ಅಲ್ಲ. ನಾನು. ಇಡೀ ಯಲಹಂಕದಲ್ಲಿ ನನ್ನಷ್ಟು ಬುದ್ಧಿವಂತ ಕಳ್ಳ ಇನ್ನೊಬ್ಬ ಹುಟ್ಟಿಲ್ಲ ಅಂತ ಆಗ ಅಂದ್ಕೊಂಡಿದ್ದೆ. ಈಗ ನೆನೆಸ್ಕೊಂಡ್ರೆ ನನ್ ಕಪಾಳಕ್ಕೆ ನಾನೇ ಬಾರಿಸ್ಬೇಕು ಅನ್ಸುತ್ತೆ.

ಆಗ ನಾನು ಎಂಟನೇ ಕ್ಲಾಸು, ಈಗ ಫಸ್ಟ್ ಪಿಯುಸಿ. ಚಿನ್ನು ಆಗಿನ್ನೂ ಎರಡನೇ ಕ್ಲಾಸು. ಅವನಿಗೆ ಬ್ಲಾಕ್ಸ್ ಹುಚ್ಚು — ಪ್ಲಾಸ್ಟಿಕ್ ತುಂಡುಗಳನ್ನ ಒಂದಕ್ಕೊಂದು ಚುಚ್ಚಿ ಲಾರಿ, ಕ್ರೇನು, ಮನೆ ಮಾಡೋ ಆಟ. ಪ್ರತಿ ಡಬ್ಬದ ಜೊತೆ ಒಂದು ಬುಕ್ಕು ಬರುತ್ತೆ, ಯಾವ ತುಂಡು ಎಲ್ಲಿಗೆ ಅಂತ ಚಿತ್ರದಲ್ಲೇ ತೋರ್ಸುತ್ತೆ. ಆ ಬುಕ್ಕುಗಳು ನಮ್ಮನೇಲಿ ಇಲ್ಲದ ಜಾಗ ಇರ್ಲಿಲ್ಲ. ಸೋಫಾ ಕೆಳಗೆ, ಫ್ರಿಜ್ ಮೇಲೆ, ಅಪ್ಪನ ಹೆಲ್ಮೆಟ್ ಒಳಗೆ. ಒಂದ್ಸಲ ಅಜ್ಜಿ ಹೆಲಿಕಾಪ್ಟರ್ ಬುಕ್ಕಿನ ಮೇಲೆ ಹಪ್ಪಳ ಒಣಗಿಸಿದ್ಲು. ಆ ಹಪ್ಪಳ ಎಣ್ಣೆಗೆ ಹಾಕಿದ್ ತಕ್ಷಣ ಫ್ಯಾನ್ ತನಕ ಹಾರ್ತು ಅಂತ ನಾನು ರಸ್ತೆಗೆಲ್ಲಾ ಹೇಳ್ಕೊಂಡ್ ಬಂದಿದ್ದೆ.

ದಸರಾ ರಜೆ ಬಂದಿದ್ದೇ ಅಮ್ಮ ನನ್ ಫೋನ್ ಕಿತ್ಕೊಂಡ್ಲು. "ಇವನ್ನೆಲ್ಲಾ ಜೋಡ್ಸು. ಆಮೇಲೆ ಫೋನು."

ಜೋಡಿಸ್ದೆ ಗುರು! ಗಾಡಿಗಳು ಒಂದು ಕಡೆ, ಕಟ್ಟಡಗಳು ಒಂದು ಕಡೆ, ಪ್ರಾಣಿಗಳು ಒಂದು ಕಡೆ. ಹರಿದಿದ್ದಕ್ಕೆ ಟೇಪು. ಎಲ್ಲಾನೂ ಪ್ಲಾಸ್ಟಿಕ್ ಕವರಿರೋ ಫೈಲಿಗೆ. ಅರ್ಧಕ್ಕರ್ಧ ತುಂಡು ಕಳೆದುಹೋದ ಆಟಗಳಿಗೆ ಬೇರೆ ವಿಭಾಗ, ಅದಕ್ಕೆ 'ಸ್ವರ್ಗಸ್ಥರು' ಅಂತ ಲೇಬಲ್ಲು. ಇಷ್ಟಾದ್ಮೇಲೆ ಯಾರಾದ್ರೂ ಒಂದ್ ಮಾತು — ಪರ್ವಾಗಿಲ್ವೇ ಅಂತ? ಇಲ್ಲ.

ನನ್ ಫೈಲಿಂದಾನೇ ಬುಕ್ಕು ತೆಗೆದು ಚಿನ್ನು, ಅಯಾನ್ ಇಬ್ರೂ ಗೊಂಬೆ ಮೆಟ್ಟಿಲ ಮುಂದೆ ಚಿಕ್ಕಬಾಣಾವರ ಸ್ಟೇಷನ್ ಕಟ್ಟೋಕೆ ಕೂತ್ರು. ಅಯಾನ್ ಚಿನ್ನು ವಯಸ್ಸಿನವನೇ. ಮನೇಲಿ ಉರ್ದು ಮಾತಾಡೋ ಹುಡುಗ, ನಮ್ಮಜ್ಜಿ ಹತ್ರ ನನಗಿಂತ ಚೆನ್ನಾಗಿ ಕನ್ನಡ ಮಾತಾಡ್ತಿದ್ದ. ಗೊಂಬೆ ನೋಡೋಕೆ ಬಂದ ಆಂಟಿಯರೆಲ್ಲಾ ಪಟ್ಟದ ಗೊಂಬೆ ಬಿಟ್ಟು ಆ ಸ್ಟೇಷನ್ ಮುಂದೆ ಕುಕ್ಕರಗಾಲು. "ಅಯ್ಯೋ, ಪುಟಾಣಿ ಎಂಜಿನಿಯರ್‌ಗಳಾ!" ಅಂತ ಕೆನ್ನೆ ಹಿಂಡಿದ್ದೇ ಹಿಂಡಿದ್ದು. "ದೊಡ್ಡವನು ಏನ್ ಮಾಡ್ದ?" ಅಂತ ಒಬ್ರು ಕೇಳಿದ್ಕೆ ಅಮ್ಮ, "ಅವ್ನಾ? ಕೋಡುಬಳೆ ಖಾಲಿ ಮಾಡ್ದ" ಅಂದ್ಲು.

ಎಲ್ರೂ ನಕ್ರು. ನನಗೆ ಉರಿದುಹೋಯ್ತು.

ಮಾರನೇ ದಿನ ಸರಸ್ವತಿ ಪೂಜೆ. ಹಿಂದಿನ ಸಂಜೆನೇ ಪುಸ್ತಕಗಳನ್ನ ತಂದು ಮಣೆ ಮೇಲೆ ಜೋಡಿಸ್ಬೇಕು. ಒಂದ್ಸಲ ಇಟ್ಮೇಲೆ ವಿಜಯದಶಮಿ ತನಕ ಮಕ್ಕಳು ಮುಟ್ಟೋ ಹಾಗಿಲ್ಲ. ಸ್ಟೇಷನ್ನಿನ ಬ್ರಿಡ್ಜ್ ಅರ್ಧ ಆಗಿತ್ತು. ಬ್ರಿಡ್ಜ್ ತೋರ್ಸೋ ಆ ಬುಕ್ಕನ್ನ ಎತ್ತಿ, ನನ್ ಸೈನ್ಸ್ ಪುಸ್ತಕದ ಕೆಳಗೆ ತಳ್ಳಿ, ಎಲ್ಲಾ ಮಣೆ ಮೇಲೆ ಇಟ್ಬಿಟ್ಟೆ. ಸಾಕ್ಷಾತ್ ಸರಸ್ವತೀನೇ ಸೆಕ್ಯೂರಿಟಿ! ದಶಮಿ ದಿನ 'ಓ, ಇಲ್ಲೇ ಇದೆ' ಅಂತ ಹುಡುಕಿಕೊಟ್ಟು ನಾನೇ ಹೀರೋ ಆಗೋದು — ಪ್ಲಾನ್ ಅಷ್ಟೇ.

ಆದ್ರೆ ಚಿನ್ನು ಅಳೋಕೆ ಶುರು ಮಾಡ್ದ. ಮನೆ ಪೂರ್ತಿ ಹುಡುಕಿದ್ರು, ಮಣೆ ಒಂದು ಬಿಟ್ಟು. ಅಮ್ಮ ನನ್ ಕಡೆ ತಿರುಗಿದ್ಲು. ಆಗ ನನ್ ಬಾಯಿಂದ ಬಂತು —

"ಕೊನೇಲಿ ಹೋಗಿದ್ದು ಅಯಾನ್ ಅಲ್ವಾ?"

ಸುಳ್ಳು ಹೇಳ್ಲಿಲ್ಲ ನೋಡಿ. ಬರೀ ಪ್ರಶ್ನೆ ಕೇಳ್ದೆ. ಅಷ್ಟು ಕಿಲಾಡಿ ನಾನು.

"ನಾನ್ ಹೇಳಿರ್ಲಿಲ್ವಾ? ಯಾರ್ನೂ ಅಷ್ಟು ಒಳಗೆ ಬಿಟ್ಕೋಬಾರ್ದು" ಅಂದ್ಲು ಅಜ್ಜಿ. ಹೇಳಿರ್ಲಿಲ್ಲ! ಮಧ್ಯಾಹ್ನ ತಾನೇ ಅವನ ಬಾಯಿಗೆ ಚಕ್ಲಿ ಮುರಿದು ಹಾಕಿದ್ಲು. ಒಂದೇ ಒಂದು ಪ್ರಶ್ನೆಗೆ ಅಷ್ಟು ಬೇಗ — ಛೀ.

ಚಿನ್ನು ಅಳ್ತಾ ಮೇಲಕ್ಕೆ ಓಡ್ದ, ಹಿಂದೆ ನಾವು. ಅಯಾನ್ ಅಮ್ಮಿ ಬಾಗಿಲಲ್ಲೇ ವಿಷಯ ಕೇಳಿದ್ರು. ಒಳಗೆ ಹೋಗಿ ಅವನ ಸ್ಕೂಲ್ ಬ್ಯಾಗ್ ತಂದು ನಮ್ಮ ಮುಂದೆ ಮೆಟ್ಟಿಲ ಮೇಲೆ ತಲೆಕೆಳಗು ಮಾಡಿ ಸುರಿದ್ರು. ಪೆನ್ಸಿಲ್ಲುಗಳು ಟಕಟಕ ಅಂತ ಕೆಳಗಿನ ತನಕ ಉರುಳಿದ್ವು.

"ಮೈ ನೈ ಲಿಯಾ ಅಮ್ಮಿ, ಮೈ ನೈ ಲಿಯಾ," ತಾನು ತಗೊಂಡಿಲ್ಲ ಅಂತಾನೇ ಇದ್ದ ಅಯಾನ್.

"ನೋಡ್ಕೊಳ್ಳಿ ಅಕ್ಕಾ," ಅಂದ್ರು ಅವ್ರು ಅಮ್ಮಂಗೆ. "ನೀವೇ ಕಣ್ಣಾರೆ ನೋಡ್ಕೊಳ್ಳಿ."

"ಅಯ್ಯೋ ಬಿಡಿ, ಪರ್ವಾಗಿಲ್ಲ," ಅಂದ್ಲು ಅಮ್ಮ.

ಪರ್ವಾಗಿಲ್ಲ! ಕದ್ದೋನಿಗೆ ಹೇಳೋ ಮಾತು ಅದು. ನಾನು ಅಲ್ಲೇ ಇದ್ದೆ. ಒಂದು ಪೆನ್ಸಿಲ್ ನನ್ ಕಾಲಿಗೆ ಬಂದು ನಿಂತಿತ್ತು. ಅದನ್ನೂ ಎತ್ತಿಕೊಡ್ಲಿಲ್ಲ.

ದಶಮಿ ದಿನ ಎಲ್ರಿಗಿಂತ ಮುಂಚೆ ಎದ್ದು ಬುಕ್ಕನ್ನ ಎಳ್ಕೊಂಡೆ. ಅದರ ಮೇಲೆ ಕುಂಕುಮ. ಹಂಗೇ ಫೈಲಿಗೆ ಸೇರಿಸಿದ್ರೆ ಪೂಜೆಗಿಟ್ಟಿದ್ದು ಅಂತ ಕುರುಡನಿಗೂ ಗೊತ್ತಾಗುತ್ತೆ. ಒದ್ದೆ ಬಟ್ಟೇಲಿ ಉಜ್ಜಿದೆ — ಹರಡ್ಕೊಂಡು ಬ್ರಿಡ್ಜ್ ಮೇಲೆ ಕೊಲೆ ಆದ ಹಾಗಾಯ್ತು. ಬೀರು ಹಿಂದೆ ಬಚ್ಚಿಟ್ಟೆ. ಕುಂಕುಮ ಮೇಲಿಂದ ಉದುರಿರ್ಬೇಕು ಅಂದ್ಕೊಂಡೆ. ಶತಪೆದ್ದ.

ಆಮೇಲೆ ಅಯಾನ್ ನಮ್ಮನೆ ಒಳಗೆ ಕಾಲಿಡ್ಲಿಲ್ಲ. ಬಾಲು ನಮ್ ವರಾಂಡಕ್ಕೆ ಬಿದ್ರೆ ಬಾಗಿಲಾಚೆ ನಿಂತು, "ಅಣ್ಣಾ, ನೀವೇ ಕೊಡಿ" ಅಂತಾನೆ. ನನಗೆ ಅಜ್ಜಿ ಮೇಲೆ ಸಿಟ್ಟು ಬರೋದು, ಕೆನ್ನೆ ಹಿಂಡಿದ ಆಂಟಿಯರ ಮೇಲೆ ಬರೋದು, ಕೋಡುಬಳೆ ಮೇಲೂ ಬರೋದು. ಎಲ್ಲಾ ನೆಪ. ಆ ಪ್ರಶ್ನೆ ಕೇಳಿದ್ದು ಕೋಡುಬಳೆ ಅಲ್ಲ.

ಈ ದಸರಾಗೆ ಅಜ್ಜಿ ಕೇಳಿದ್ಲು, "ಯಾಕೋ ಚಿನ್ನು, ಈ ಸಲಾನೂ ಏನೂ ಕಟ್ಟಲ್ವಾ?"

"ಒಬ್ನೇ ಕಟ್ಟಕ್ಕಾಗಲ್ಲ ಅಜ್ಜಿ."

ಅಷ್ಟೇ ಅಂದ. ನಾನು ಎದ್ದು ಹೋಗಿ ಬೀರು ಜರುಗಿಸ್ದೆ. ಬುಕ್ಕು ತಂದು ರೂಮಲ್ಲಿ ಚಿನ್ನು ಮುಂದೆ ಇಟ್ಟೆ. ನಗಿಸೋಕೆ ಅಂತ ಜೋಕೆಲ್ಲಾ ರೆಡಿ ಮಾಡ್ಕೊಂಡಿದ್ದೆ. ಒಂದೂ ಬಾಯಿಗೆ ಬರ್ಲಿಲ್ಲ.

"ನೀನಾ?" ಅಂದ.

"ಹ್ಞೂಂ. ನಾನೇ."

ಅಷ್ಟರಲ್ಲಿ ಅಮ್ಮ ಒಳಗೆ ಬಂದ್ಲು. ಬುಕ್ಕು ನೋಡಿದ್ಲು. ಬೈಲಿಲ್ಲ, ಆಶ್ಚರ್ಯಾನೂ ಪಡ್ಲಿಲ್ಲ.

"ಇನ್ನೂ ಇಟ್ಕೊಂಡಿದ್ಯಾ ಅದನ್ನ? ಎಸೆದಿರ್ತೀಯ ಅಂದ್ಕೊಂಡಿದ್ದೆ."

"ನಿಂಗೆ — ಗೊತ್ತಿತ್ತಾ?"

"ಒಂದೊಂದು ಪುಸ್ತಕಕ್ಕೂ ಕುಂಕುಮ ಹಚ್ಚಿದ್ದು ನಾನಲ್ವೇನೋ? ಅಷ್ಟೊತ್ತಿಗೆ ಆ ಮಗುವಿನ ಬ್ಯಾಗ್ ಸುರಿದಾಗಿತ್ತು. ಮೇಲೆ ಹೋಗಿ ಯಾವ್ ಮುಖ ಇಟ್ಕೊಂಡು ಹೇಳ್ಲಿ?"

ಮೈಯೆಲ್ಲಾ ಬೆಂಕಿ ಹತ್ಕೊಂಡಂಗಾಯ್ತು. ಕೂಗಾಡ್ಬೇಕು ಅಂತ ಬಾಯಿ ತೆಗೆದೆ. ಯಾವ ಬಾಯಲ್ಲಿ ಕೂಗ್ಲಿ?

ಚಿನ್ನು ನನ್ನೂ ನೋಡ್ಲಿಲ್ಲ, ಅಮ್ಮನ್ನೂ ನೋಡ್ಲಿಲ್ಲ. ಬುಕ್ಕು ತಗೊಂಡು ಬಾಗಿಲ ಕಡೆ ನಡೆದ.

"ಚಿನ್ನು, ಈಗ ಬೇಡ ಕಣೋ, ಅವ್ರು ಏನ್ ಅಂದ್ಕೋತಾರೆ —" ಅಂದ್ಲು ಅಮ್ಮ.

ಮೇಲೆ ಬೆಲ್ ಆಯ್ತು. ಬಾಗಿಲು ತೆಗೆದ ಸದ್ದೂ ಕೇಳಿಸ್ತು. ಅಮ್ಮ, ನಾನು ಇಬ್ರೂ ಕೆಳಗೇ ನಿಂತಿದ್ವಿ.