ಗಂಡನ ಮೇಲ್ ನನಗೆ, ನನ್ನ ಮೇಲ್ ಗಂಡನಿಗೆ

ವನಗೂರಿನ ನಮ್ಮ ಹೋಮ್‌ಸ್ಟೇಗೆ ಬುಕಿಂಗ್, ಮ್ಯಾನೇಜರ್, ಅಕೌಂಟ್ಸ್ ಅಂತ ಬೇರೆ ಬೇರೆ ಇಮೇಲ್ ವಿಳಾಸಗಳಿವೆ. ಬರೆಯುವವರು ಇಲ್ಲೊಂದು ದೊಡ್ಡ ಆಫೀಸೇ ಇದೆ ಅಂದುಕೊಳ್ಳುತ್ತಾರೆ. ಇರುವವಳು ನಾನೊಬ್ಬಳೇ. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮೇಲ್ ಸರ್ವರ್ ಮಾಡಿದ್ದೂ ನಾನೇ. ಅದರಲ್ಲಿ ಅಲಿಯಾಸ್ ಅಂತ ಒಂದು ಫೈಲು: ಎಡಕ್ಕೆ ವಿಳಾಸ, ಬಲಕ್ಕೆ ಆ ಮೇಲ್ ಯಾರಿಗೆ ಹೋಗಬೇಕೋ ಅವರ ಹೆಸರು. ಬಲಗಡೆ ಪೂರ್ತಿ ನನ್ನ ಹೆಸರೇ.

ಹಾಗಾಗಿ ಮಗ್ಗೆಯ ತವರಿಗೆ ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್. ಈ ಸಲ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹೊತ್ತು ಹೊತ್ತಿಗೆ ಹನಿ ಹಾಕಬೇಕು. ಒಂದು ವಾರ ಇದ್ದೇ ತೀರುತ್ತೇನೆ ಎಂದು ಹಟ ಹಿಡಿದೆ. ಜೀಪಿನ ಸ್ಟೇರಿಂಗ್ ಬಿಟ್ಟು ಬೇರೇನೂ ಮುಟ್ಟದ ನಮ್ಮ ಯಜಮಾನರು, "ನಾನಿಲ್ವಾ ಮಾರಾಯ್ತಿ, ನಿನ್ ಮೇಲ್ ಎಲ್ಲಾ ನಂಗೆ ತಿರುಗ್ಸು" ಎಂದರು. ಆ ಫೈಲಿನಲ್ಲಿ ಎಡಕ್ಕೆ ನನ್ನ ಹೆಸರು, ಅದರ ಮುಂದೆ ಬಲಕ್ಕೆ ಅವರ ಹೆಸರು ಬರೆದು, ಬದಲಾವಣೆ ಜಾರಿಯಾಗುವ ಕಮ್ಯಾಂಡ್ ಕೊಟ್ಟು ಹೊರಟೆ.

ಮಾರನೇ ದಿನವೇ ಅವರ ಫೋನು. "ಕಳ್ಸಿದ್ ಮೇಲ್ ಎಲ್ಲಾ ವಾಪಸ್ ಹೋಗ್ತೈತಂತೆ ಕಣೇ. ಗೆಸ್ಟ್‌ಗಳು ಬೈತಾವ್ರೆ. ನೀನೇ ಬಂದು ನೋಡ್ಬುಡು."

ತಕ್ಷಣ ಹೊಳೆಯಿತು. ಅವರು ಮೇಲ್ ತೆರೆದೇ ನೋಡುವುದಿಲ್ಲವೆಂದು, ಎಷ್ಟೋ ವರ್ಷದ ಹಿಂದೆ ಅವರದನ್ನೂ ನನಗೇ ತಿರುಗಿಸಿದ್ದೆ. ಆ ಸಾಲು ಹಾಗೇ ಉಳಿದಿತ್ತು. ಈಗ ನನ್ನದು ಅವರಿಗೆ, ಅವರದು ನನಗೆ. ಮೇಲನ್ನು ನಮ್ಮಿಬ್ಬರ ಮಧ್ಯೆ ಸುತ್ತಿಸಿ ಸುತ್ತಿಸಿ ಸಾಕಾದ ಸರ್ವರ್, ಅದನ್ನು ಕಳಿಸಿದವರಿಗೇ ಹಿಂತಿರುಗಿಸುತ್ತಿತ್ತು. ನಗುವೂ ಬಂತು, ಸಿಟ್ಟೂ ಬಂತು.

"ನಾನು ಬರಲ್ಲ. ಕಂಪ್ಯೂಟರ್ ಮುಂದೆ ಕೂತ್ಕಳಿ" ಎಂದೆ. ಅಂಗಳದಲ್ಲಿ ಸಿಗ್ನಲ್ ಹುಡುಕಿ ನಿಂತು ಒಂದೊಂದೇ ಅಕ್ಷರ ಹೇಳಿದೆ.

"ನನ್ ಹೆಸರ ಮುಂದೆ ನಿನ್ ಹೆಸರೈತೆ. ಅಳಿಸ್ಬುಡ್ಲಾ?" ಎಂದು ಕೇಳಿದ ಅವರ ದನಿಗೆ ನನಗೇ ಅಯ್ಯೋ ಪಾಪ ಅನ್ನಿಸಿತು.

"ಫೈಲಲ್ಲಿ ಮಾತ್ರ ಅಳಿಸಿ."

ಸ್ವಲ್ಪ ಹೊತ್ತಿಗೆ ಮೇಲ್‌ಗಳು ಅವರಿಗೆ ಬರತೊಡಗಿದವು. "ಇಷ್ಟೂ ನೀನೊಬ್ಳೇ ನೋಡ್ತಿದ್ಯಾ?" ಎಂದರು. ಆ ಮಾತಿಗೆ ಸಿಟ್ಟು ಅರ್ಧ ಇಳಿಯಿತು.

ಒಳಗೆ ಬಂದರೆ ನನ್ನ ಬ್ಯಾಗು ಬಾಗಿಲ ಹತ್ತಿರ ಇತ್ತು. ನನ್ನ ಸೀರೆಗಳು, ಮೇಲೆ ಹಪ್ಪಳದ ಡಬ್ಬ. ಫೋನ್ ಬಂತೆಂದರೆ ನಾನು ಹೊರಟೆನೆಂದೇ ತಿಳಿದು, ಕಪ್ಪು ಕನ್ನಡಕದಲ್ಲೇ ತಡಕಾಡಿ ಅವ್ವ ತುಂಬಿಟ್ಟಿದ್ದಳು.

"ಬಸ್ಸಿಗೆ ಹೊತ್ತಾಗ್ತೈತೆ, ಹೊರಡು" ಎಂದಳು. ಆ ಮಾತಿನಲ್ಲಿ ಬೇಜಾರಿರಲಿಲ್ಲ, ಅಭ್ಯಾಸವಿತ್ತು. ಬ್ಯಾಗನ್ನು ಎತ್ತಿ ಒಳಗಿಟ್ಟೆ.

"ಎಲ್ಲೂ ಹೋಗಲ್ಲ ಕಣವ್ವ. ತಲೆ ಎತ್ತು, ಹನಿ ಹಾಕ್ತೀನಿ."

ಅವ್ವ ಕನ್ನಡಕ ತೆಗೆದಳು. ಕಣ್ಣು ಆಗಲೇ ತುಂಬಿತ್ತು. "ಡಾಕ್ಟ್ರು ಕಣ್ಣು ಒದ್ದೆ ಮಾಡ್ಕಬ್ಯಾಡಿ ಅಂದವ್ರೆ" ಎಂದು ಗದರಿದೆ. ಔಷಧಿ ಹಾಕಲು ಸ್ವಲ್ಪ ಹೊತ್ತು ಕಾಯಬೇಕಾಯಿತು.